ಬಯೋ ಪೆಲೆಟ್ ಹಾಕಬೇಕಾ, ಬೇರೆ ದಾರಿ ಹಿಡಿಯಬೇಕಾ? ಉಪ್ಪುನೀರಿನ ಟ್ಯಾಂಕಿನಲ್ಲಿ ನೈಟ್ರೇಟ್, ಫಾಸ್ಫೇಟ್ ಇಳಿಸುವ ವಿಧಾನಗಳ ಹೋಲಿಕೆ

ಟೆಸ್ಟ್ ಕಿಟ್‌ನ ಸೀಸೆಯಲ್ಲಿ ನೀರು ಗಾಢ ಗುಲಾಬಿ ಬಣ್ಣಕ್ಕೆ ತಿರುಗಿದೆ. ಕಾರ್ಡಿನ ಪಕ್ಕ ಹಿಡಿದು ನೋಡಿದರೆ ನೈಟ್ರೇಟ್ 50 ಪಿಪಿಎಂ (ಲೀಟರಿಗೆ ಸುಮಾರು 50 ಮಿಲಿಗ್ರಾಂ). ಹೋದ ತಿಂಗಳೂ ಅಷ್ಟೇ ಇತ್ತು. ನಡುವೆ ಎರಡು ಸಲ ನೀರು ಬದಲಾಯಿಸಿದ್ದೀರಿ, ಮೀನಿಗೆ ಆಹಾರ ಸ್ವಲ್ಪ ಕಡಿಮೆ ಮಾಡಿದ್ದೀರಿ. ಆದರೂ ಅಂಕಿ ಜಗ್ಗಿಲ್ಲ. ಕಲ್ಲಿನ ಮೇಲೆ ಕೂದಲಿನಂಥ ಪಾಚಿ ಏಳುತ್ತಿದೆ, ತಂದಾಗ ನೀಲಿ ಇದ್ದ ಹವಳ ಈಗ ಮಂಕಾಗಿ ಕಂದು ಬಣ್ಣಕ್ಕೆ ಬಂದಿದೆ. ಬಯೋ ಪೆಲೆಟ್ ಎಂಬ ಹೆಸರು ಹೆಚ್ಚಿನವರ ಕಿವಿಗೆ ಬೀಳುವುದು ಇಂಥ ಹೊತ್ತಿನಲ್ಲೇ.

ನಾನು ಪೆಲೆಟ್ ಬಳಸಿದ್ದೇನೆ, ವೋಡ್ಕಾ ಹಾಕಿ ನೋಡಿದ್ದೇನೆ, ಸಂಪ್‌ನಲ್ಲಿ (ಟ್ಯಾಂಕಿನ ಕೆಳಗೆ ಸಾಧನಗಳನ್ನು ಇಡುವ ಎರಡನೇ ತೊಟ್ಟಿ) ಪಾಚಿಯನ್ನೂ ಬೆಳೆಸಿದ್ದೇನೆ. ಮೂರೂ ಕೆಲಸ ಮಾಡುತ್ತವೆ. ಹಾಗಾಗಿ ಯಾವುದು ಜಾಸ್ತಿ ಶಕ್ತಿಯದ್ದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅದರ ಬದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ನನ್ನ ನೀರಿನಲ್ಲಿ ಜಾಸ್ತಿ ಇರುವುದು ನೈಟ್ರೇಟಾ, ಫಾಸ್ಫೇಟಾ, ಎರಡೂನಾ? ಏನಾದರೂ ಎಡವಟ್ಟಾದರೆ ಈ ವಿಧಾನವನ್ನು ಎಷ್ಟು ಬೇಗ ನಿಲ್ಲಿಸಬಹುದು? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ನಾನು ತಡವಾಗಿ ಕೇಳಿದೆ. ಅದಕ್ಕೇ ಈ ಬರಹದಲ್ಲಿ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪೆಲೆಟ್ ಮಾಡುವ ಕೆಲಸ

ಬಯೋ ಪೆಲೆಟ್ ಎಂದರೆ ಮೆಣಸಿನ ಕಾಳಿನಷ್ಟು ದಪ್ಪದ ಬಿಳಿ ಕಾಳುಗಳು. ಕೊಳೆಯಬಲ್ಲ ಪ್ಲಾಸ್ಟಿಕ್‌ನಿಂದ ಮಾಡಿರುತ್ತಾರೆ. ಪಿಎಚ್‌ಎ ಗುಂಪಿನ ಪಾಲಿಮರ್ ಇರಬಹುದು, ಪಿಸಿಎಲ್ ಎಂಬುದೂ ಇರಬಹುದು. ಬ್ಯಾಕ್ಟೀರಿಯಾಗೆ ಇದು ಮನೆಯೂ ಹೌದು, ಊಟವೂ ಹೌದು.

ಬ್ಯಾಕ್ಟೀರಿಯಾ ಬೆಳೆಯಲು ಇಂಗಾಲ, ಸಾರಜನಕ, ರಂಜಕ ಮೂರೂ ಬೇಕು. ನಮ್ಮ ಟ್ಯಾಂಕಿನಲ್ಲಿ ಸಾರಜನಕ ನೈಟ್ರೇಟ್ ರೂಪದಲ್ಲಿ, ರಂಜಕ ಫಾಸ್ಫೇಟ್ ರೂಪದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಕೊರತೆ ಇರುವುದು ಸುಲಭವಾಗಿ ತಿನ್ನಲು ಸಿಗುವ ಇಂಗಾಲಕ್ಕೆ. ಪೆಲೆಟ್ ಅದನ್ನು ಕೊಡುತ್ತದೆ. ಬ್ಯಾಕ್ಟೀರಿಯಾ ಕಾಳಿನ ಮೇಲೆ ಪದರವಾಗಿ ಬೆಳೆಯುತ್ತವೆ, ಬೆಳೆಯುತ್ತಾ ನೈಟ್ರೇಟ್, ಫಾಸ್ಫೇಟ್ ಹೀರಿಕೊಳ್ಳುತ್ತವೆ. ಕಾಳುಗಳು ಒಂದಕ್ಕೊಂದು ಉಜ್ಜಿಕೊಂಡಾಗ ಆ ಪದರ ಕಳಚಿ ನೀರಿಗೆ ಬರುತ್ತದೆ. ಅದನ್ನು ಸ್ಕಿಮ್ಮರ್, ಅಂದರೆ ಗಾಳಿಗುಳ್ಳೆಯಿಂದ ನೊರೆ ಎಬ್ಬಿಸುವ ಸಾಧನ, ನೊರೆಯ ಜೊತೆ ಎತ್ತಿ ಹೊರಹಾಕುತ್ತದೆ. ಟ್ಯಾಂಕಿನಿಂದ ಕೊಳೆ ಹೊರಹೋಗುವುದು ಈ ಕೊನೆಯ ಹೆಜ್ಜೆಯಲ್ಲಿ. ಸ್ಕಿಮ್ಮರ್ ಇಲ್ಲದಿದ್ದರೆ ಅಥವಾ ಚಿಕ್ಕದಾಗಿದ್ದರೆ ಆ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲೇ ಸತ್ತು, ಹೀರಿದ್ದನ್ನು ಅಲ್ಲೇ ಬಿಡುತ್ತವೆ. ಸ್ಕಿಮ್ಮರ್ ಇಲ್ಲದ ಟ್ಯಾಂಕಿಗೆ ಪೆಲೆಟ್ ಹಾಕಬೇಡಿ. ಈ ಮಾತಿನಲ್ಲಿ ನನಗೆ ಅನುಮಾನವೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಆಲ್‌ಫ್ರೆಡ್ ರೆಡ್‌ಫೀಲ್ಡ್ ಎಂಬ ಸಮುದ್ರ ವಿಜ್ಞಾನಿ ಕಂಡುಕೊಂಡ ಒಂದು ಅನುಪಾತವಿದೆ. ಸಮುದ್ರದ ಪ್ಲವಕಗಳ ದೇಹದಲ್ಲಿ ಇಂಗಾಲ, ಸಾರಜನಕ, ರಂಜಕದ ಪರಮಾಣುಗಳು ಸುಮಾರು 106:16:1ರಷ್ಟು ಇರುತ್ತವೆ. ನಮ್ಮ ಟೆಸ್ಟ್ ಕಿಟ್‌ನ ಭಾಷೆಯಲ್ಲಿ ಹೇಳಿದರೆ, 10 ಪಿಪಿಎಂ ನೈಟ್ರೇಟ್ ಇಳಿಯುವಾಗ ಫಾಸ್ಫೇಟ್ ಸುಮಾರು 1 ಪಿಪಿಎಂ ಇಳಿಯಬೇಕು. ಬ್ಯಾಕ್ಟೀರಿಯಾ ಈ ಅಂಕಿಗೆ ಅಂಟಿಕೊಂಡು ಕೂರುವುದಿಲ್ಲ. ಆದರೂ ಅಂದಾಜಿಗೆ ಇದು ಸಾಕು. ನಿಮ್ಮ ನೈಟ್ರೇಟ್ 2, ಫಾಸ್ಫೇಟ್ 0.5 ಇದೆ ಎಂದುಕೊಳ್ಳಿ. ನೈಟ್ರೇಟ್ ಪೂರ್ತಿ ಮುಗಿಯುವ ಹೊತ್ತಿಗೆ ಫಾಸ್ಫೇಟ್ 0.2ರಷ್ಟು ಮಾತ್ರ ಇಳಿದಿರುತ್ತದೆ. ಉಳಿದ 0.3 ಅಲ್ಲೇ ನಿಲ್ಲುತ್ತದೆ, ಅಲ್ವಾ? ಸಾರಜನಕ ಖಾಲಿಯಾದ ಮೇಲೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಪೆಲೆಟ್ ಇದ್ದೂ ಇಲ್ಲದ ಹಾಗೆ.

ಜೊತೆಗೆ ಕಾಳಿನ ಪದರದ ಒಳಭಾಗದಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲ ಮಾಡಿ ಬಿಡುತ್ತವೆ. ಇದಕ್ಕೆ ಫಾಸ್ಫೇಟ್ ಅಷ್ಟಾಗಿ ಬೇಡ. ಹೀಗಾಗಿ ಪೆಲೆಟ್ ಹಾಕಿದ ಟ್ಯಾಂಕಿನಲ್ಲಿ ನೈಟ್ರೇಟ್ ಚೆನ್ನಾಗಿ ಇಳಿಯುತ್ತದೆ, ಫಾಸ್ಫೇಟ್ ನಿಧಾನಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಇಳಿಯುವುದೇ ಇಲ್ಲ. ಪೆಲೆಟ್ ಮುಖ್ಯವಾಗಿ ನೈಟ್ರೇಟ್ ಇಳಿಸುವ ಸಾಧನ ಎಂದು ತಿಳಿದುಕೊಂಡೇ ಕೊಳ್ಳಿ.

ನಿಲ್ಲಿಸುವ ಪ್ರಶ್ನೆ

ಪೆಲೆಟ್ ರಿಯಾಕ್ಟರ್ ಎಂದರೆ ಉದ್ದನೆಯ ಒಂದು ಕೊಳವೆ. ಕೆಳಗಿನಿಂದ ನೀರು ನುಗ್ಗಿ ಕಾಳುಗಳನ್ನು ಹೊರಳಿಸುತ್ತದೆ. ಹೊರಳುವುದು ಮೆಲ್ಲಗೆ ಇರಬೇಕು, ಆದರೆ ಯಾವ ಮೂಲೆಯೂ ಸ್ತಬ್ಧವಾಗಬಾರದು. ನೀರು ಜೋರಾದರೆ ಪದರ ಕೂರುವ ಮೊದಲೇ ಕಿತ್ತುಹೋಗುತ್ತದೆ. ನಿಧಾನವಾದರೆ ಕಾಳುಗಳು ಲೋಳೆಯಲ್ಲಿ ಅಂಟಿಕೊಂಡು ಗಡ್ಡೆ ಕಟ್ಟುತ್ತವೆ. ಗಡ್ಡೆಯ ಒಳಗೆ ಆಮ್ಲಜನಕ ಮುಗಿಯುತ್ತದೆ, ನೈಟ್ರೇಟೂ ಮುಗಿಯುತ್ತದೆ. ಆಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಸಮುದ್ರದ ನೀರಿನಲ್ಲಿ ಧಾರಾಳವಾಗಿರುವ ಸಲ್ಫೇಟಿಗೆ ಕೈಹಾಕುತ್ತವೆ. ಹೊರಬರುವುದು ಹೈಡ್ರೋಜನ್ ಸಲ್ಫೈಡ್. ಅದು ವಿಷ.

ನನಗೆ ಇದು ಗೊತ್ತಾಗಿದ್ದು ಒಂದು ಬೆಳಗಿನ ಜಾವ. ರಾತ್ರಿ ಹತ್ತರ ಸುಮಾರಿಗೆ ಕರೆಂಟ್ ಹೋಗಿತ್ತು. ಟ್ಯಾಂಕಿನ ವೇವ್‌ಮೇಕರ್ (ನೀರನ್ನು ಕದಡುತ್ತಿರುವ ಪಂಪ್) ಬ್ಯಾಟರಿಯ ಮೇಲೆ ಓಡುತ್ತಿತ್ತು, ಹಾಗಾಗಿ ನಿಶ್ಚಿಂತೆಯಿಂದ ಮಲಗಿದ್ದೆ. ಐದು ಗಂಟೆಗೆ ಕರೆಂಟ್ ಬಂತು. ರಿಯಾಕ್ಟರ್ ಪಂಪ್ ತಾನಾಗಿಯೇ ಶುರುವಾಯಿತು. ಏಳು ಗಂಟೆ ನಿಂತಲ್ಲೇ ನಿಂತಿದ್ದ ಕೊಳವೆಯ ನೀರು ಅಷ್ಟೂ ಸಂಪ್‌ಗೆ ಬಿತ್ತು. ನಾನು ಎದ್ದು ಬಂದು ಸಂಪ್‌ನ ಬಾಗಿಲು ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಮೇಲೆ ನೋಡಿದರೆ ಹಳದಿ ಟ್ಯಾಂಗ್ ಮೀನು ನೀರಿನ ಮೇಲ್ಮೈಗೆ ಬಂದು ಕಿವಿರು ಬಡಿಯುತ್ತಿತ್ತು. ಹವಳಗಳೆಲ್ಲ ಮುದುಡಿಕೊಂಡಿದ್ದವು. ಪಂಪ್ ಆರಿಸಿದೆ, ಏರ್ ಸ್ಟೋನ್ ಬಿಟ್ಟೆ, ಇದ್ದಷ್ಟು ಹೊಸ ಉಪ್ಪುನೀರು ಹಾಕಿದೆ, ಆಕ್ಟಿವೇಟೆಡ್ ಕಾರ್ಬನ್ ಇಟ್ಟೆ. ಟ್ಯಾಂಗ್ ಉಳಿಯಿತು. ಜೊತೆಗಿದ್ದ ಒಂದು ಆಂಥಿಯಾಸ್ ಮೀನು ಉಳಿಯಲಿಲ್ಲ.

ಆವತ್ತಿನಿಂದ ನನ್ನ ರಿಯಾಕ್ಟರ್ ಪಂಪ್ ಕರೆಂಟ್ ಬಂದ ಕೂಡಲೇ ತಾನಾಗಿ ಓಡುವುದಿಲ್ಲ. ಅದಕ್ಕೆ ಬೇರೆ ಸ್ವಿಚ್ ಇದೆ, ನಾನೇ ಹೋಗಿ ಹಾಕಬೇಕು. ಪಂಪ್ ಒಂದೆರಡು ಗಂಟೆಗಿಂತ ಜಾಸ್ತಿ ನಿಂತಿದ್ದರೆ ಕೊಳವೆ ಬಿಚ್ಚಿ ಒಳಗಿನ ನೀರನ್ನು ಚೆಲ್ಲುತ್ತೇನೆ, ಕಾಳುಗಳನ್ನು ಟ್ಯಾಂಕಿನ ನೀರಿನಲ್ಲೇ ಜಾಲಿಸಿ, ಆಮೇಲೆ ಶುರುಮಾಡುತ್ತೇನೆ. ಪದೇ ಪದೇ ಕರೆಂಟ್ ಹೋಗುವ ಜಾಗದಲ್ಲಿದ್ದರೆ, ವಾರಗಟ್ಟಲೆ ಮನೆ ಬಿಟ್ಟು ಹೋಗುವವರಾದರೆ, ಇದೊಂದು ಕಾರಣವೇ ಬೇರೆ ವಿಧಾನ ನೋಡಲು ಸಾಕು.

ಇನ್ನೊಂದು ತೊಂದರೆಯೂ ಇದೆ. ಪೆಲೆಟ್ ಎಷ್ಟು ಬೇಗ ಕರಗಬೇಕು ಎನ್ನುವುದು ನಿಮ್ಮ ಕೈಯಲ್ಲಿಲ್ಲ. ನೀರಿನ ಹರಿವು, ನೀರಿನ ಬಿಸಿ, ಬ್ಯಾಕ್ಟೀರಿಯಾದ ಹಸಿವು ಅದನ್ನು ತೀರ್ಮಾನಿಸುತ್ತವೆ. ಕಡಿಮೆ ಮಾಡಬೇಕೆಂದರೆ ಕೊಳವೆ ಬಿಚ್ಚಿ ಕಾಳು ತೆಗೆಯಬೇಕು. ತೆಗೆದ ಪರಿಣಾಮ ಕಾಣಿಸಲು ದಿನಗಳು ಬೇಕು.

ವೋಡ್ಕಾ, ವಿನೆಗರ್: ಅದೇ ಕೆಲಸ, ಅಳತೆ ನಿಮ್ಮದು

ಪೆಲೆಟ್ ಬದಲು ಇಂಗಾಲವನ್ನು ದ್ರವ ರೂಪದಲ್ಲಿ ಹನಿಹನಿಯಾಗಿ ಕೊಡಬಹುದು. ವೋಡ್ಕಾದಲ್ಲಿ 40% ಎಥನಾಲ್ ಇರುತ್ತದೆ, ಬಿಳಿ ವಿನೆಗರ್‌ನಲ್ಲಿ 5% ಅಸಿಟಿಕ್ ಆಮ್ಲ. ಇಂಗಾಲದ ಲೆಕ್ಕದಲ್ಲಿ 1 ಮಿಲೀ ವೋಡ್ಕಾ ಸುಮಾರು 8 ಮಿಲೀ ವಿನೆಗರ್‌ಗೆ ಸಮ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಈ ಅಂಕಿ ಮರೆತರೆ ಅನಾಹುತ. ಪರಿಮಳ, ಬಣ್ಣ, ಸಕ್ಕರೆ ಸೇರಿಸಿದ ಯಾವುದನ್ನೂ ಬಳಸಬೇಡಿ.

ಶುರುಮಾಡುವ ಅಳತೆ ನೋಡಿದರೆ ಆಶ್ಚರ್ಯವಾಗುತ್ತದೆ. 100 ಲೀಟರ್ ನೀರಿಗೆ ದಿನಕ್ಕೆ 0.1 ಮಿಲೀ ವೋಡ್ಕಾ. 400 ಲೀಟರ್ ಟ್ಯಾಂಕಾದರೆ 0.4 ಮಿಲೀ. ಸೂಜಿ ತೆಗೆದ ಸಿರಿಂಜಿನ ತುದಿಯಲ್ಲಿ ನಿಲ್ಲುವಷ್ಟು. ವಾರ ವಾರ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಬೇಕು. ನೈಟ್ರೇಟ್ ಇಳಿಯತೊಡಗಿದ ಕೂಡಲೇ ಏರಿಸುವುದು ನಿಲ್ಲಿಸಿ. ಬೇಕಾದ ಮಟ್ಟಕ್ಕೆ ಬಂದ ಮೇಲೆ ಅಳತೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ ಅಲ್ಲೇ ಉಳಿಸಿಕೊಳ್ಳಿ.

ಇದರ ದೊಡ್ಡ ಲಾಭ, ಇವತ್ತು ತಪ್ಪು ಕಂಡರೆ ನಾಳೆ ಹಾಕದಿದ್ದರಾಯಿತು. ರಿಯಾಕ್ಟರ್ ಬೇಡ, ಗಡ್ಡೆ ಕಟ್ಟುವ ಭಯವಿಲ್ಲ. ಕಷ್ಟವೆಂದರೆ ದಿನವೂ ಹಾಕಬೇಕು. ಡೋಸಿಂಗ್ ಪಂಪ್ ಇದ್ದರೆ ಆ ಕೆಲಸ ತಪ್ಪುತ್ತದೆ, ಆದರೆ ಪಂಪ್ ಕೆಟ್ಟು ಒಂದೇ ಸಲಕ್ಕೆ ಸುರಿದುಬಿಡದಂತೆ ಬಾಟಲಿಯಲ್ಲಿ ಸ್ವಲ್ಪವೇ ಇಟ್ಟಿರಿ. ವಿನೆಗರ್ ಹಾಕಿದಾಗ ಪಿಎಚ್ ಕೊಂಚ ಇಳಿಯುತ್ತದೆ, ಅದಕ್ಕೆ ಹಗಲು ಹೊತ್ತಿನಲ್ಲಿ ಕೊಡುವುದು ಒಳ್ಳೆಯದು. ಇನ್ನೊಂದು ವ್ಯತ್ಯಾಸ: ಪೆಲೆಟ್‌ನಲ್ಲಿ ಬ್ಯಾಕ್ಟೀರಿಯಾ ಬಹುಪಾಲು ಕೊಳವೆಯೊಳಗೇ ಬೆಳೆಯುತ್ತವೆ. ದ್ರವವಾದರೆ ಗಾಜು, ಪೈಪು, ಕಲ್ಲು ಎಲ್ಲ ಕಡೆ ಬಿಳಿ ಲೋಳೆ ಬರಬಹುದು.

ಎರಡಕ್ಕೂ ಸೇರಿದ ಅಪಾಯ ಒಂದಿದೆ. ಇಂಗಾಲ ಮಿತಿಮೀರಿದರೆ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅವು ಆಮ್ಲಜನಕ ಎಳೆದುಕೊಳ್ಳುತ್ತವೆ. ರಾತ್ರಿ ಪಾಚಿ, ಹವಳಗಳಿಂದಲೂ ಆಮ್ಲಜನಕ ಬರುವುದಿಲ್ಲ, ಮೀನಿಗೆ ಉಸಿರು ಕಟ್ಟುತ್ತದೆ. ನೀರು ಮಸುಕಾದರೆ ಇಂಗಾಲ ನಿಲ್ಲಿಸಿ, ಸ್ಕಿಮ್ಮರ್ ಪೂರ್ತಿ ಓಡಿಸಿ, ಏರ್ ಸ್ಟೋನ್ ಹಾಕಿ. ಯಾವುದೋ ಔಷಧಿಗೆಂದು ಸ್ಕಿಮ್ಮರ್ ಆರಿಸುವ ದಿನ ವೋಡ್ಕಾನೂ ಬೇಡ, ಪೆಲೆಟ್ಟೂ ಬೇಡ.

ಪಾಚಿಗೆ ಕೆಲಸ ಕೊಡುವುದು

ಸಂಪ್‌ನ ಒಂದು ಭಾಗದಲ್ಲಿ ಬೆಳಕು ಹಾಕಿ ಕೀಟೊಮಾರ್ಫಾ ಎಂಬ ಹಸಿರು ನಾರಿನ ಪಾಚಿ ಬೆಳೆಸುವುದಕ್ಕೆ ರೆಫ್ಯೂಜಿಯಂ ಎನ್ನುತ್ತಾರೆ. ಒರಟು ಜಾಲರಿಯ ಮೇಲೆ ನೀರು ಹರಿಸಿ, ಜೋರು ಬೆಳಕಿನಲ್ಲಿ ಪಾಚಿ ಬೆಳೆಸಿ ಕೆರೆದು ತೆಗೆಯುವುದು ಆಲ್ಗೀ ಸ್ಕ್ರಬ್ಬರ್. ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಇದನ್ನು ಬೆಳೆಸಿ ತಂದವರು. ಹೇಗಿದ್ದರೂ ಬೆಳೆಯಲಿರುವ ಪಾಚಿಯನ್ನು ನಮಗೆ ಬೇಕಾದ ಜಾಗದಲ್ಲಿ ಬೆಳೆಯುವಂತೆ ಮಾಡಿದರು. ನನಗೆ ತುಂಬಾ ಇಷ್ಟವಾದ ಯೋಚನೆ ಇದು.

ಇಲ್ಲಿ ಕೊಳೆ ಹೊರಹೋಗುವುದನ್ನು ಕಣ್ಣಾರೆ ನೋಡಬಹುದು. ಎರಡು ವಾರಕ್ಕೊಮ್ಮೆ ಕೈಹಾಕಿ ಒಂದು ಹಿಡಿ ಪಾಚಿ ಕಿತ್ತು, ನೀರು ಹಿಂಡಿ, ಬಿಸಾಕಿದರೆ ಅಷ್ಟು ನೈಟ್ರೇಟ್, ಅಷ್ಟು ಫಾಸ್ಫೇಟ್ ಟ್ಯಾಂಕಿನಿಂದ ಹೋದಂತೆ. ಟ್ಯಾಂಕಿನ ದೀಪ ಆರಿದಾಗ ಪಾಚಿಯ ದೀಪ ಉರಿಸಿದರೆ ರಾತ್ರಿ ಪಿಎಚ್ ಇಳಿಯುವುದೂ ಕಡಿಮೆಯಾಗುತ್ತದೆ, ಆಮ್ಲಜನಕವೂ ಸಿಗುತ್ತದೆ. ಇಂಗಾಲ ಕೊಡುವ ವಿಧಾನಗಳು ಆಮ್ಲಜನಕ ಕಸಿಯುತ್ತವೆ, ಇದು ಕೊಡುತ್ತದೆ. ಕೋಪೆಪಾಡ್‌ನಂಥ ಸಣ್ಣ ಜೀವಿಗಳು ಆ ನಾರಿನಲ್ಲಿ ಮರಿಮಾಡುತ್ತವೆ, ಅವನ್ನೇ ತಿಂದು ಬದುಕುವ ಮ್ಯಾಂಡರಿನ್ ಮೀನು ಇಟ್ಟವರಿಗೆ ಅದೇ ದೊಡ್ಡ ಲಾಭ.

ಜಾಗ ಬೇಕು, ಬೆಳಕು ಬೇಕು, ಕಬ್ಬಿಣ ಮತ್ತಿತರ ಸಣ್ಣ ಅಂಶಗಳನ್ನೂ ಪಾಚಿ ತಿನ್ನುತ್ತದೆ. ನೈಟ್ರೇಟ್ ತೀರಾ ಕೆಳಗೆ ಹೋದರೆ ಪಾಚಿಯೇ ಬಿಳಿಚಿಕೊಂಡು ಕರಗಿ, ತಿಂದದ್ದನ್ನು ವಾಪಸ್ ಬಿಡುತ್ತದೆ. ಹಾಗಾಗಿ ಪೆಲೆಟ್ ಜೊತೆ ಇದನ್ನು ಇಟ್ಟರೆ ಒಂದಲ್ಲ ಒಂದು ಸೊರಗುತ್ತದೆ. ಸಾಮಾನ್ಯವಾಗಿ ಸೊರಗುವುದು ಪಾಚಿ.

ಜಿಎಫ್‌ಓ, ಗಂಧಕ, ನೀರು ಬದಲಾವಣೆ

ಜಿಎಫ್‌ಓ ಎಂದರೆ ಕಬ್ಬಿಣದ ಆಕ್ಸೈಡಿನ ಕಂದು ಹರಳು. ಫಾಸ್ಫೇಟ್ ಅದಕ್ಕೆ ಅಂಟಿಕೊಳ್ಳುತ್ತದೆ. ನೈಟ್ರೇಟನ್ನು ಮುಟ್ಟುವುದೇ ಇಲ್ಲ. ಮೇಲೆ ಹೇಳಿದ 2, 0.5ರ ಟ್ಯಾಂಕಿಗೆ ಬೇಕಾದದ್ದು ಇದೇ. ಕೆಲಸ ತುಂಬಾ ಬೇಗ ಮಾಡುತ್ತದೆ, ಅದೇ ಅದರ ದೋಷವೂ ಹೌದು. ಫಾಸ್ಫೇಟ್ ಎರಡು ದಿನದಲ್ಲಿ ಧಡಕ್ಕನೆ ಕುಸಿದರೆ ಅಕ್ರೊಪೊರಾದಂಥ ಹವಳಗಳು ಬುಡದಿಂದ ಚರ್ಮ ಬಿಡುತ್ತವೆ. ಹೇಳಿದ ಅಳತೆಯ ಕಾಲು ಭಾಗದಿಂದ ಶುರುಮಾಡಿ. ಪೆಲೆಟ್ ಜೊತೆಗೆ ಸ್ವಲ್ಪ ಜಿಎಫ್‌ಓ ಇಡುವುದು ಒಳ್ಳೆಯ ಜೋಡಿ. ಪೆಲೆಟ್ ಜೊತೆಗೆ ವೋಡ್ಕಾ ಬೇಡ, ಎರಡು ಕಡೆಯಿಂದ ಇಂಗಾಲ ಬಂದರೆ ಲೆಕ್ಕ ಇಡಲಾಗುವುದಿಲ್ಲ.

ಗಂಧಕದ ರಿಯಾಕ್ಟರ್ ಬರೀ ಮೀನಿರುವ ದೊಡ್ಡ ಟ್ಯಾಂಕಿಗೆ ಒಳ್ಳೆಯದು, ನೈಟ್ರೇಟ್ ಎಷ್ಟಿದ್ದರೂ ಇಳಿಸುತ್ತದೆ. ಆದರೆ ಆಮ್ಲ ಹುಟ್ಟಿಸಿ ಆಲ್ಕಲಿನಿಟಿ (ಪಿಎಚ್ ಕುಸಿಯದಂತೆ ತಡೆಯುವ ನೀರಿನ ಶಕ್ತಿ) ಕರಗಿಸುತ್ತದೆ, ಹೊಂದಿಸಲು ತಾಳ್ಮೆ ಬೇಕು. ಮೊದಲ ಸಲದವರಿಗೆ ನಾನು ಹೇಳುವುದಿಲ್ಲ.

ನೀರು ಬದಲಾವಣೆಯ ಮಿತಿ ಲೆಕ್ಕದಲ್ಲೇ ಕಾಣುತ್ತದೆ. 20% ನೀರು ಬದಲಾಯಿಸಿದರೆ 50 ಇದ್ದದ್ದು 40 ಆಗುತ್ತದೆ, ಅಷ್ಟೇ. ವಾರಕ್ಕೆ 10%ರಂತೆ ಹತ್ತು ವಾರ ಮಾಡಿದರೂ, ನಡುವೆ ಹೊಸದೇನೂ ಸೇರದಿದ್ದರೆ ಮಾತ್ರ, 50 ಇದ್ದದ್ದು 17ಕ್ಕೆ ಬರುತ್ತದೆ. ಮೀನಂತೂ ದಿನಾ ತಿನ್ನುತ್ತದೆ. ಹಾಗಂತ ಬಿಡಬೇಡಿ. 100 ಲೀಟರಿನೊಳಗಿನ ಚಿಕ್ಕ ಟ್ಯಾಂಕಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದು ಬಕೆಟ್ ನೀರಲ್ಲಿ ಮುಗಿಯುವ ಕೆಲಸಕ್ಕೆ ರಿಯಾಕ್ಟರ್ ಯಾಕೆ?

ಯಾವ ಟ್ಯಾಂಕಿಗೆ ಯಾವುದು

ಮೀನು ಜಾಸ್ತಿ, ಹೊಟ್ಟೆತುಂಬ ತಿನ್ನಿಸುತ್ತೀರಿ, ನೈಟ್ರೇಟ್ 30ರ ಮೇಲೆ ನಿಂತಿದೆ, ಸ್ಕಿಮ್ಮರ್ ದೊಡ್ಡದಿದೆ, ಕರೆಂಟ್ ನಂಬಿಕಸ್ಥ, ದಿನವೂ ಸಿರಿಂಜ್ ಹಿಡಿಯುವಷ್ಟು ಸಮಯವಿಲ್ಲ. ಇದು ಪೆಲೆಟ್ ಟ್ಯಾಂಕ್. ಇಲ್ಲಿ ಅದು ನಿಜಕ್ಕೂ ಚೆನ್ನಾಗಿ ದುಡಿಯುತ್ತದೆ.

ಗಟ್ಟಿ ಹವಳಗಳ ಟ್ಯಾಂಕ್, ನೈಟ್ರೇಟ್ 10, 15ರ ಆಸುಪಾಸು. ಇಲ್ಲಿ ನನ್ನ ಮತ ವಿನೆಗರ್‌ಗೆ. ಇಳಿಸಬೇಕಾದದ್ದು ಸ್ವಲ್ಪ, ಅದನ್ನು ಮಿಲೀ ಲೆಕ್ಕದಲ್ಲಿ ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಮೆತ್ತನೆ ಹವಳ, ಅಣಬೆ ಹವಳದಂಥವೇ ಇದ್ದರೆ ಅವಕ್ಕೆ ತೀರಾ ಶುದ್ಧ ನೀರು ಬೇಕಾಗಿಯೇ ಇಲ್ಲ. ಪಾಚಿಯ ಸಂಪ್ ಸಾಕು. ನೈಟ್ರೇಟ್ ಸೊನ್ನೆಯ ಹತ್ತಿರ, ಫಾಸ್ಫೇಟ್ ಮಾತ್ರ ಜಾಸ್ತಿ ಎಂದರೆ ಪೆಲೆಟ್ ಕೊಳ್ಳಲೇಬೇಡಿ.

ಯಾವುದೇ ಆಗಲಿ, ಗುರಿ ಸೊನ್ನೆಯಲ್ಲ. ಹವಳಕ್ಕೂ ಊಟ ಬೇಕು. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ನಾನು ಕೈ ಕಟ್ಟಿ ಕೂರುತ್ತೇನೆ. ಎರಡೂ ಸೊನ್ನೆಗೆ ಬಿದ್ದ ಟ್ಯಾಂಕಿನಲ್ಲಿ ಮರಳಿನ ಮೇಲೆ ಗುಳ್ಳೆ ಹೊತ್ತ ಕಂದು ಎಳೆಗಳು ಬರುತ್ತವೆ. ಅವು ಡೈನೊಫ್ಲಾಜೆಲೇಟ್‌ಗಳು. ಅವನ್ನು ಓಡಿಸುವುದರ ಮುಂದೆ ಕೂದಲು ಪಾಚಿ ಏನೂ ಅಲ್ಲ.

ಪೆಲೆಟ್ ಎಂದೇ ತೀರ್ಮಾನಿಸಿದರೆ

ಕಾಳುಗಳನ್ನು ಒಂದು ದಿನ ಉಪ್ಪುನೀರಿನಲ್ಲಿ ನೆನೆಸಿಡಿ, ಇಲ್ಲದಿದ್ದರೆ ತೇಲುತ್ತವೆ. ಪ್ಯಾಕೆಟ್ ಮೇಲೆ ಹೇಳಿದ ಅಳತೆಯ ಮೂರನೇ ಒಂದು ಭಾಗ ಮಾತ್ರ ಹಾಕಿ. ರಿಯಾಕ್ಟರ್‌ನಿಂದ ಹೊರಬರುವ ಪೈಪಿನ ತುದಿಯನ್ನು ಸ್ಕಿಮ್ಮರ್ ನೀರು ಎಳೆಯುವ ಬಾಯಿಗೇ ತಾಗಿಸಿಡಿ. ಈ ಒಂದು ಕೆಲಸವನ್ನು ಸುಮ್ನೆ ಬಿಟ್ಟವರ ಟ್ಯಾಂಕಿನಲ್ಲೇ ಮರಳಿನ ಮೇಲೆ ಕೆಂಪು ಲೋಳೆ, ಅಂದರೆ ಸೈನೊಬ್ಯಾಕ್ಟೀರಿಯಾ, ಜಾಸ್ತಿ ಕಾಣುತ್ತದೆ.

ಆಮೇಲೆ ಕಾಯಬೇಕು. ನಾಲ್ಕು ವಾರವಾದರೂ ಅಂಕಿ ಅಲ್ಲಾಡದೆ ಇರಬಹುದು. ಎಂಟು ವಾರವೂ ಹಿಡಿಯಬಹುದು. ಈ ಹೊತ್ತಿನಲ್ಲೇ ಜನ ತಾಳ್ಮೆ ಕಳೆದುಕೊಂಡು ಉಳಿದ ಪ್ಯಾಕೆಟ್ಟನ್ನೂ ಸುರಿಯುತ್ತಾರೆ. ಬೇಡ. ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸೇರಿಸಿ, ವಾರಕ್ಕೊಮ್ಮೆ ಟೆಸ್ಟ್ ಮಾಡಿ ಬರೆದಿಡಿ. ಸ್ಕಿಮ್ಮರ್ ಕಪ್ಪಿನಲ್ಲಿ ಕೊಳೆ ಮೊದಲಿಗಿಂತ ದಪ್ಪವಾಗಿ, ನಾತ ಹೊಡೆಯತೊಡಗಿದರೆ ಪೆಲೆಟ್ ಕೆಲಸ ಶುರುಮಾಡಿದೆ ಎಂದೇ ಅರ್ಥ. ಟೆಸ್ಟ್ ಕಿಟ್‌ಗಿಂತ ಮೊದಲೇ ಅದು ಹೇಳುತ್ತದೆ.

ಆಲ್ಕಲಿನಿಟಿ ಕಡೆ ಗಮನವಿರಲಿ. ನೈಟ್ರೇಟ್ ಇಳಿದ ಮೇಲೂ ಅದನ್ನು 10, 11 ಡಿಕೆಎಚ್‌ನಲ್ಲಿ (ಆಲ್ಕಲಿನಿಟಿ ಅಳೆಯುವ ಮಾನ) ಇಟ್ಟರೆ ಅಕ್ರೊಪೊರಾದ ತುದಿಗಳು ಸುಡುತ್ತವೆ. ನನ್ನದರಲ್ಲಿ ಹಾಗೇ ಆಯಿತು. ರೆಂಬೆಯ ತುದಿ ಮೂರು ನಾಲ್ಕು ಮಿಲಿಮೀಟರ್ ಬರಿಯ ಬಿಳಿ ಮೂಳೆ, ಅದರ ಮೇಲೆ ವಾರದಲ್ಲಿ ತೆಳ್ಳಗೆ ಹಸಿರು ಪಾಚಿ. ಬೆಳೆಯುತ್ತಿರುವ ಬಿಳಿ ತುದಿ ನುಣುಪಾಗಿ, ಪಾಲಿಪ್‌ಗಳ (ಹವಳದ ಪುಟ್ಟ ಜೀವಿಗಳ) ಜೊತೆ ಇರುತ್ತದೆ. ಸುಟ್ಟದ್ದು ಒರಟಾಗಿ ಬೋಳಾಗಿರುತ್ತದೆ. ಹತ್ತಿರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಈಗ 7.5ರಿಂದ 8ರ ನಡುವೆ ಇಡುತ್ತೇನೆ.

ನೈಟ್ರೇಟ್ 5ಕ್ಕೆ ಬಂದಾಗ ಕಾಳು ಸೇರಿಸುವುದು ನಿಲ್ಲಿಸಿ. 2ರ ಕೆಳಗೆ ಹೋದರೆ ನಾಲ್ಕನೇ ಒಂದು ಭಾಗ ತೆಗೆದು, ಎರಡು ವಾರ ನೋಡಿ. ಪೂರ್ತಿ ಬಿಡಬೇಕೆನಿಸಿದರೂ ಒಂದೇ ದಿನ ಎಲ್ಲ ತೆಗೆಯಬೇಡಿ, ಹಾಗೆ ಮಾಡಿದರೆ ನೈಟ್ರೇಟ್ ಮತ್ತೆ ಜಿಗಿಯುತ್ತದೆ.

ಕಾಳು ಕರಗುತ್ತಾ ಹೋಗುವುದರಿಂದ ಕೆಲವು ತಿಂಗಳಿಗೊಮ್ಮೆ ತುಂಬಬೇಕು. ಪಂಪ್ ಒಂದು ನಿಮಿಷ ಆರಿಸಿ, ಕಾಳು ಕೆಳಗೆ ಕೂತ ಮೇಲೆ ಅದರ ಮಟ್ಟಕ್ಕೆ ಕೊಳವೆಯ ಹೊರಗೆ ಮಾರ್ಕರ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಮುಂದಿನ ತಿಂಗಳು ಮತ್ತೆ ಹಾಗೇ ಮಾಡಿ. ಗೆರೆಗಳ ನಡುವಿನ ಅಂತರವೇ ನಿಮ್ಮ ಟ್ಯಾಂಕ್ ತಿಂಗಳಿಗೆ ಎಷ್ಟು ಇಂಗಾಲ ತಿನ್ನುತ್ತಿದೆ ಎಂಬುದರ ಲೆಕ್ಕ. ತುಂಬುವಾಗ ಅಷ್ಟನ್ನೇ ತುಂಬಿ, ಅದನ್ನೂ ಎರಡು ಕಂತಿನಲ್ಲಿ.